ಮೂವತ್ತೆಂಟಕ್ಕೆ ಬಿ.ಕಾಂ. ಶುರು ಮಾಡಬಹುದಾ? ಫೀಸ್ ಕಟ್ಟೋ ಮುಂಚೆ ವಾರದ ಗಂಟೆ ಎಣಿಸಿ

ಪ್ರಶ್ನೆ: ನಂಗೆ 38 ವರ್ಷ, ಪೀಣ್ಯದಲ್ಲಿ ಗಾರ್ಮೆಂಟ್ಸ್ ಸೂಪರ್‌ವೈಸರ್. 2006ರಲ್ಲಿ ಬಿ.ಕಾಂ. ಸೆಕೆಂಡ್ ಇಯರ್ ಓದ್ತಿದ್ದಾಗ ಮದುವೆ ಆಯ್ತು, ಅಲ್ಲಿಗೇ ನಿಂತುಹೋಯ್ತು. ಡಿಗ್ರಿ ಇಲ್ಲ ಅಂತ ಎರಡು ಸಲ ಪ್ರಮೋಷನ್ ತಪ್ಪಿದೆ. ಮಗಳು ಈ ವರ್ಷ ಎಸೆಸೆಲ್ಸಿ. ಕೆಲಸ ಬಿಡೋಕಾಗಲ್ಲ. ಹಳೇ ಮಾರ್ಕ್ಸ್ ಕಾರ್ಡ್ ಉಪಯೋಗಕ್ಕೆ ಬರುತ್ತಾ? ಈ ವಯಸ್ಸಲ್ಲಿ ಓದಿದ್ದು ತಲೆಗೆ ಹತ್ತುತ್ತಾ?

ಉತ್ತರ: ಹತ್ತುತ್ತೆ ಅಮ್ಮ, ಅದರ ಬಗ್ಗೆ ನಂಗೆ ಒಂಚೂರೂ ಡೌಟ್ ಇಲ್ಲ. ದಿನಾ ಒಂದು ಲೈನಿನ ಟಾರ್ಗೆಟ್, ರಿಜೆಕ್ಷನ್, ಓಟಿ ಎಲ್ಲ ಲೆಕ್ಕ ಇಡೋರಿಗೆ ಕಾಸ್ಟಿಂಗ್ ಪಾಠ ಹೊಸದಲ್ಲ, ಅದರ ಹೆಸರು ಮಾತ್ರ ಹೊಸದು. ಇಷ್ಟು ವರ್ಷ ಸ್ಟಡಿ ಸೆಂಟರ್‌ನಲ್ಲಿ ಕೂತು ನಾನು ನೋಡಿರೋದು ಏನಂದ್ರೆ, ದೊಡ್ಡೋರು ಓದು ಬಿಡೋದು ಬುದ್ಧಿ ಸಾಲದೆ ಅಲ್ಲ, ಟೈಮ್ ಲೆಕ್ಕ ಹಾಕದೆ ಅಡ್ಮಿಷನ್ ಆಗಿರ್ತಾರೆ ಅದಕ್ಕೆ. ಪುಸ್ತಕದ ಪಾರ್ಸೆಲ್ ಬಂದಿರುತ್ತೆ, ಬೀರು ಮೇಲೆ ಇಟ್ಟಿರ್ತಾರೆ, ದಸರಾ ಆಗಲಿ ಆಮೇಲೆ ಅಂತಾರೆ, ಆಮೇಲೆ ದೀಪಾವಳಿ, ಅಷ್ಟರಲ್ಲಿ ಎಕ್ಸಾಮ್ ಫಾರ್ಮ್ ಡೇಟೇ ಮುಗಿದಿರುತ್ತೆ.

ಮೊದಲು ಹಳೇ ಮಾರ್ಕ್ಸ್ ಕಾರ್ಡ್ ವಿಷಯ. ಬೇಜಾರಾಗುತ್ತೆ, ಆದ್ರೂ ನೇರವಾಗಿ ಹೇಳ್ತೀನಿ, ಅದನ್ನ ನಂಬ್ಕೊಂಡು ಪ್ಲಾನ್ ಮಾಡಬೇಡಿ. ಈಗ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಬಂದಿದೆ, ಅದರಲ್ಲಿ ನಾವು ಪಾಸಾದ ಪೇಪರ್‌ಗಳ ಕ್ರೆಡಿಟ್ ಜಮಾ ಆಗುತ್ತೆ, ಆದರೆ ಅದು 2021-22ರಿಂದ ಈಚೆಗೆ ಓದಿದ್ದಕ್ಕೆ, ಅದೂ ಹೆಚ್ಚಂದ್ರೆ ಏಳು ವರ್ಷ ಇರುತ್ತೆ. 2006ರ ಪೇಪರ್ ಅದರಲ್ಲಿ ಬರಲ್ಲ. ನಿಮ್ಮ ಪಿಯುಸಿ ಮಾರ್ಕ್ಸ್ ಕಾರ್ಡ್ ಇದ್ಯಲ್ಲ, ಅದೇ ಸಾಕು, ಡಿಗ್ರಿಗೆ ಅದೇ ಬಾಗಿಲು. ಫಸ್ಟ್ ಇಯರ್‌ನಿಂದ ಶುರು ಮಾಡಿ. ಇನ್ನೊಂದು ಕಡೆಯಿಂದ ನೋಡಿದ್ರೆ ಆಗ ಜಿಎಸ್‌ಟಿ ಅನ್ನೋದೇ ಇರಲಿಲ್ಲ, ಅದು ಬಂದಿದ್ದು 2017ರಲ್ಲಿ, ಹಂಗಾಗಿ ಹೊಸದಾಗಿ ಓದೋದ್ರಿಂದ ಲಾಭಾನೇ.

ಈಗ ಗಂಟೆ ಲೆಕ್ಕ. ಇಗ್ನೋದಲ್ಲಿ (ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಓದೋ ಜಾಗ) ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಓದು. ಮೂರು ವರ್ಷದ ಬಿ.ಕಾಂ. 132 ಕ್ರೆಡಿಟ್ ಅಂತ ಇಟ್ಕೊಳ್ಳಿ. ಮೂರೇ ವರ್ಷಕ್ಕೆ ಮುಗಿಸ್ತೀನಿ ಅಂದ್ರೆ ವರ್ಷಕ್ಕೆ 1,320 ಗಂಟೆ, ಅಂದ್ರೆ ವಾರಕ್ಕೆ ಹತ್ತಿರ ಹತ್ತಿರ 25 ಗಂಟೆ. ಬೆಳಗ್ಗೆ ಎಂಟಕ್ಕೆ ಫ್ಯಾಕ್ಟರಿಗೆ ಹೋಗಿ ಸಂಜೆ ಆರೂವರೆಗೆ ಮನೆ ಸೇರಿ ಅಡುಗೆಗೆ ನಿಲ್ಲೋ ಹೆಂಗಸಿಗೆ ಇದು ಆಗದ ಮಾತು, ಆಗಲಿಲ್ಲ ಅಂತ ತಮ್ಮನ್ನೇ ಬೈಕೊಂಡು ಬಿಟ್ಟುಬಿಡ್ತಾರೆ, ಅದು ನಂಗೆ ತುಂಬಾ ಸಂಕಟ ಆಗೋ ವಿಷಯ. ಆದರೆ ಅದೇ ಡಿಗ್ರಿ ಮುಗಿಸೋಕೆ ಆರು ವರ್ಷದ ತನಕ ಟೈಮ್ ಇದೆ. ಆರು ವರ್ಷಕ್ಕೆ ಹಂಚಿದ್ರೆ ವಾರಕ್ಕೆ 13 ಗಂಟೆ. ದಿನಾ ಒಂದೂವರೆ ಗಂಟೆ, ಭಾನುವಾರ ನಾಲ್ಕು. ಜೂನ್ ಮತ್ತೆ ಡಿಸೆಂಬರ್‌ನಲ್ಲಿ ಪರೀಕ್ಷೆ, ಒಂದು ಸಲಕ್ಕೆ ನಿಮ್ಮ ಕೈಲಾಗೋಷ್ಟು ಪೇಪರ್‌ಗೆ ಮಾತ್ರ ಫಾರ್ಮ್ ತುಂಬಿ. ಮಗಳ ಎಸೆಸೆಲ್ಸಿ ಜೂನ್ ಒಳಗೆ ಮುಗಿದಿರುತ್ತೆ, ಹಂಗಾಗಿ ಈ ಸಲ ಇಬ್ಬರೂ ಒಂದೇ ಟೇಬಲ್‌ಗೆ ಕೂತು ಓದಬಹುದು, ಡಿಕ್ಕಿ ಆಗಲ್ಲ.

ಅಸೈನ್‌ಮೆಂಟ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನೂರಕ್ಕೆ 30 ಪರ್ಸೆಂಟ್ ವೇಟೇಜ್ ಅದಕ್ಕೇ, ಮನೇಲಿ ಕೂತು ಪುಸ್ತಕ ನೋಡ್ಕೊಂಡು ಬರೆಯೋದು, ಉಳಿದ 70 ಪರೀಕ್ಷೆಗೆ. ಮತ್ತೆ ಅಸೈನ್‌ಮೆಂಟ್ ಕೈಯಲ್ಲಿ ಬರೀರಿ. ಯಾರೂ ಮುಂಚೆ ಹೇಳಿಕೊಡದ ಕಷ್ಟ ಒಂದಿದೆ, ಅದು ಕೈ ನೋವು. ಹದಿನೈದು ಇಪ್ಪತ್ತು ವರ್ಷ ಸೈನ್ ಹಾಕೋದು ಬಿಟ್ರೆ ಪೆನ್ ಹಿಡಿದಿರಲ್ಲ ನಾವು, ಎಲ್ಲ ವಾಟ್ಸಾಪೇ, ಆಮೇಲೆ ಪರೀಕ್ಷೆ ಹಾಲ್‌ನಲ್ಲಿ ಮೂರು ಗಂಟೆ ಬರೀ ಅಂದ್ರೆ ಮೊದಲ ಗಂಟೆಗೇ ಬೆರಳು ಸೆಟೆದುಕೊಳ್ಳುತ್ತೆ, ಉತ್ತರ ಗೊತ್ತಿದ್ದೂ ಬಿಟ್ಟು ಬರ್ತಾರೆ. ದಿನಾ ಎರಡು ಪುಟ, ಪುಸ್ತಕ ಮುಚ್ಚಿಟ್ಟು ನೆನಪಿಂದ ಬರೀರಿ. ಕೈಗೂ ಅಭ್ಯಾಸ, ತಲೆಗೂ ಅಭ್ಯಾಸ, ನಾಲ್ಕು ಸಲ ಓದೋದಕ್ಕಿಂತ ಒಂದು ಸಲ ಹಿಂಗೆ ಬರೆದಿದ್ದು ಚೆನ್ನಾಗಿ ನಿಲ್ಲುತ್ತೆ.

ಕನ್ನಡದಲ್ಲಿ ಬರೆಯೋದೇ ಸಲೀಸು ಅನ್ನೋದಾದ್ರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನೋಡಿ, 1996ರಿಂದ ಇದೆ, ಬೆಂಗಳೂರಲ್ಲೂ ಅವರ ಪ್ರಾದೇಶಿಕ ಕೇಂದ್ರ ಇದೆ. ಬಿ.ಕಾಂ.ನ ಯಾವ ಪೇಪರ್ ಕನ್ನಡದಲ್ಲಿ ಬರೀಬಹುದು, ಪುಸ್ತಕ ಯಾವ ಭಾಷೇಲಿ ಕೊಡ್ತಾರೆ, ಇದನ್ನ ಫೀಸ್ ಕಟ್ಟೋ ಮುಂಚೆ ಕೌಂಟರ್‌ನಲ್ಲೇ ಕೇಳಿ.

ಇನ್ನೊಂದು ತಾಪತ್ರಯ, ಹೆಸರು. ಎಸೆಸೆಲ್ಸಿ ಕಾರ್ಡ್‌ನಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಹಿಂಗಿರೋ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ! ಈಗ ದೂರಶಿಕ್ಷಣಕ್ಕೆ ಸೇರೋಕೆ ಡೆಬ್ ಐಡಿ (ಯೂನಿವರ್ಸಿಟಿಗಳ ಮೇಲ್ವಿಚಾರಣೆ ಮಾಡೋ ಯುಜಿಸಿಯ ದೂರಶಿಕ್ಷಣ ವಿಭಾಗದ ನಂಬರ್) ಬೇಕು, ಅದಕ್ಕೆ ಮೊದಲು ಎಬಿಸಿ ಐಡಿ (ಮೇಲೆ ಹೇಳಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಂಬರ್) ಬೇಕು, ಅದು ಆಧಾರ್ ಮೇಲೆ ನಿಂತಿದೆ. ಹೆಸರು ತಾಳೆ ಆಗದೇ ಇದ್ರೆ ಕೊನೇ ದಿನ ಸೈಬರ್ ಸೆಂಟರ್‌ನಲ್ಲಿ ಕೂತು ಅಳೋ ಹಂಗಾಗುತ್ತೆ, ಎರಡು ತಿಂಗಳು ಮುಂಚೆನೇ ಸರಿ ಮಾಡಿಸ್ಕೊಳ್ಳಿ.

ಪ್ರಶ್ನೆ: ವಿಜಯನಗರದಲ್ಲಿ ಒಬ್ಬರು ಒಂದೇ ವರ್ಷದಲ್ಲಿ ಡಿಗ್ರಿ ಮಾಡಿಸಿಕೊಡ್ತೀನಿ, ಕ್ಲಾಸ್ ಬೇಡ, ಬೇರೆ ರಾಜ್ಯದ ಯೂನಿವರ್ಸಿಟಿ, ಅರವತ್ತು ಸಾವಿರ ಅಂತಿದಾರೆ. ಅಡ್ವಾನ್ಸ್ ಕೊಡಲಾ?

ಉತ್ತರ: ಒಂದು ರೂಪಾಯೀನೂ ಕೊಡಬೇಡಿ. ಮೂರು ವರ್ಷದ ಡಿಗ್ರಿ ಒಂದು ವರ್ಷಕ್ಕೆ ಯಾರೂ ಕಾನೂನು ಪ್ರಕಾರ ಕೊಡೋಕಾಗಲ್ಲ. ದೂರಶಿಕ್ಷಣದಲ್ಲಿ ಒಂದು ರಾಜ್ಯದ ಯೂನಿವರ್ಸಿಟಿ ಇನ್ನೊಂದು ರಾಜ್ಯದಲ್ಲಿ ಸೆಂಟರ್ ನಡೆಸೋ ಹಂಗಿಲ್ಲ, ಫ್ರಾಂಚೈಸಿ ಕೊಡೋ ಹಂಗೂ ಇಲ್ಲ, ಯುಜಿಸಿ ನಿಯಮ ಸ್ಪಷ್ಟವಾಗಿದೆ. ಯುಜಿಸಿಯ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೋ ಪಟ್ಟಿಯಲ್ಲಿ ಯೂನಿವರ್ಸಿಟಿ ಹೆಸರಷ್ಟೇ ಅಲ್ಲ, ನೀವು ಸೇರೋ ಕೋರ್ಸು, ನೀವು ಸೇರೋ ವರ್ಷ ಮೂರೂ ಇದ್ಯಾ ನೋಡಿ. ಅಲ್ಲಿದ್ದು, ನಿಯಮದ ಪ್ರಕಾರ ಓದಿ ಮುಗಿಸಿದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ, ಆ ವಿಷಯದಲ್ಲಿ ಕೀಳರಿಮೆ ಬೇಡ.

ಪ್ರಶ್ನೆ: 41 ವರ್ಷ, ಐಟಿಐ ಎಲೆಕ್ಟ್ರಿಷಿಯನ್. ಡಿಸ್ಟೆನ್ಸ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಬಹುದಾ?

ಉತ್ತರ: ಡಿಸ್ಟೆನ್ಸ್ ಬೇಡ ಅಣ್ಣ. ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ಮಾಡೋ ಎಐಸಿಟಿಇ ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಡಿಗ್ರಿಗಳ ಮೇಲೆ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಎಷ್ಟೋ ಜನರ ಸರ್ಟಿಫಿಕೇಟ್ ಕೆಲಸಕ್ಕೆ ಬಾರದಂಗಾಯ್ತು. ನಿಮಗೆ ಸರಿಯಾದ ದಾರಿ ಸಂಜೆ ಪಾಲಿಟೆಕ್ನಿಕ್. ಕೆ.ಆರ್. ಸರ್ಕಲ್ ಹತ್ತಿರ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಹೋಗಿ ವಿಚಾರಿಸಿ. ಎರಡು ವರ್ಷದ ಐಟಿಐ ಆಗಿದ್ರೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಸೆಕೆಂಡ್ ಇಯರ್‌ಗೆ ಸೇರೋ ಅವಕಾಶ ಇದೆ, ನಿಮ್ಮ ಟ್ರೇಡ್‌ಗೆ ಸಂಜೆ ಬ್ಯಾಚ್‌ನಲ್ಲಿ ಸೀಟ್ ಇದ್ಯಾ ಅಂತ ಕೇಳಿ. ಮ್ಯಾಥ್ಸ್ ಒಂದು ಕಾಡುತ್ತೆ, ಐಟಿಐನೋರಿಗೆ ಎಲ್ಲರಿಗೂ ಕಾಡೋದು ಅದೇ. ಸೀಟ್ ಸಿಗೋಕೆ ಮುಂಚೆನೇ ಎಸೆಸೆಲ್ಸಿ ಗಣಿತ ಪುಸ್ತಕ ತಗೊಂಡು ಬೀಜಗಣಿತ, ತ್ರಿಕೋನಮಿತಿ ಎರಡು ಪಾಠ ದಿನಾ ಅರ್ಧ ಗಂಟೆ ಮಾಡ್ತಾ ಇರಿ, ಮನೇಲಿ ಹೈಸ್ಕೂಲ್ ಮಕ್ಕಳಿದ್ರೆ ಅವರ ಹತ್ರಾನೇ ಹೇಳಿಸ್ಕೊಳ್ಳಿ.