ಲ್ಯಾಟಿನ್ ಕಲಿಸಿದ ಮೇಷ್ಟ್ರಿಗೆ ಲ್ಯಾಟಿನ್‌ನಲ್ಲೇ ಧನ್ಯವಾದ ಹೇಳುವುದು ಹೇಗೆ? ‘ತಿಬಿ’ (ನಿನಗೆ) ಸರಿಯೋ, ‘ವೋಬೀಸ್’ (ನಿಮಗೆ) ಸರಿಯೋ?

ಮೇಷ್ಟ್ರು ಒಬ್ಬರೇ ತಾನೆ? ಹಾಗಾದರೆ ‘ತಿಬಿ’. ಕಾರ್ಡಿನಲ್ಲಿ ‘ಗ್ರಾತಿಯಾಸ್ ತಿಬಿ ಅಗೋ’ ಅಂತ ಬರೆಯಿರಿ.

ಗುರುಗಳಿಗೆ ‘ನಿನಗೆ’ ಅನ್ನುವುದು ಹೇಗೆ ಅಂತ ಹಿಂಜರಿಯಬೇಡಿ. ಹಳೆಯ ರೋಮನ್ನರ ಲ್ಯಾಟಿನ್‌ನಲ್ಲಿ ಗೌರವಕ್ಕಾಗಿ ಬಹುವಚನ ಬಳಸುವ ಪದ್ಧತಿಯೇ ಇರಲಿಲ್ಲ. ಕ್ರಿ.ಶ. 100ರಲ್ಲಿ ರೋಮನ್ ಲೇಖಕ ಕಿರಿಯ ಪ್ಲಿನಿ ಸೆನೆಟ್‌ನಲ್ಲಿ ಚಕ್ರವರ್ತಿ ಟ್ರೇಜನ್‌ಗೆ ಕೃತಜ್ಞತೆ ಹೇಳಿ ಭಾಷಣ ಮಾಡಿದ. ಅದರಲ್ಲಿ ಚಕ್ರವರ್ತಿಯೂ ‘ನೀನು’ ಅಷ್ಟೆ. ಒಬ್ಬರಿಗೇ ‘ವೋಬೀಸ್’ ಅನ್ನುವ ರೂಢಿ ಬಂದದ್ದು ಬಹಳ ತಡವಾಗಿ. ಕನ್ನಡದವರು ಇಲ್ಲೇ ಎಡವುವುದು: ಮರ್ಯಾದೆಗೆಂದು ‘ವೋಬೀಸ್’ ಹಾಕಿದರೆ, ಓದಿದವರು ‘ನಿಮ್ಮೆಲ್ಲರಿಗೂ’ ಅಂದುಕೊಳ್ಳುತ್ತಾರೆ. ಇಡೀ ತರಗತಿಯ ಪರವಾಗಿ ಬರೆಯುವುದಾದರೆ ಬದಲಾಗಬೇಕಾದ್ದು ಕ್ರಿಯಾಪದ: ‘ಅಗೋ’ (ಹೇಳುತ್ತೇನೆ) ಹೋಗಿ ‘ಅಗಿಮುಸ್’ (ಹೇಳುತ್ತೇವೆ). ‘ತಿಬಿ’ ಹಾಗೇ ಇರಲಿ.

ಪದಕೋಶದಲ್ಲಿ ಸಿಗುವ ರೂಪ ‘ಗ್ರಾತಿಯ’. ಅದನ್ನೇ ಎತ್ತಿ ಇಟ್ಟರೆ ತಪ್ಪು. ಅದು ಪ್ರಥಮಾ ಏಕವಚನ. ಇಲ್ಲಿ ಬೇಕಾದ್ದು ದ್ವಿತೀಯಾ ಬಹುವಚನ, ‘ಗ್ರಾತಿಯಾಸ್’. ‘ತಿಬಿ’ ಜಾಗದಲ್ಲಿ ‘ತೇ’ ಬರೆಯುವವರೂ ಇದ್ದಾರೆ. ನಮ್ಮ ‘ನಿನಗೆ’ ಹಾಗೆ ‘ತಿಬಿ’ಯೂ ಚತುರ್ಥಿ ಅಂತ ನೆನಪಿಟ್ಟರೆ ಆ ತಪ್ಪು ಆಗುವುದಿಲ್ಲ. ಪದಗಳ ಕ್ರಮ ಮಾತ್ರ ನಿಮ್ಮಿಷ್ಟ.

ಯಾವುದಕ್ಕೆ ಧನ್ಯವಾದ ಅನ್ನುವುದನ್ನು ‘ಪ್ರೋ’ ಸೇರಿಸಿ ಹೇಳಬಹುದು, ಮುಂದಿನ ಪದ ಅಬ್ಲೇಟಿವ್ (ಪಂಚಮಿ) ವಿಭಕ್ತಿಯಲ್ಲಿರಬೇಕು: ಪುಸ್ತಕಕ್ಕಾದರೆ ‘ಪ್ರೋ ಲಿಬ್ರೋ’, ಸಹಾಯಕ್ಕಾದರೆ ‘ಪ್ರೋ ಔಕ್ಸಿಲಿಯೋ’. ನನ್ನನ್ನು ಕೇಳಿದರೆ ‘ಕ್ವೊದ್’ (ಏಕೆಂದರೆ) ಹಾಕಿ ಪೂರ್ತಿ ವಾಕ್ಯ ಬರೆಯುವುದೇ ಚೆಂದ:

‘ಗ್ರಾತಿಯಾಸ್ ತಿಬಿ ಮಾಕ್ಸಿಮಾಸ್ ಅಗೋ, ಮಗಿಸ್ತೆರ್, ಕ್ವೊದ್ ಮೇ ಲಿಂಗ್ವಮ್ ಲತೀನಮ್ ದೊಕುಇಸ್ತೀ.’

ನನಗೆ ಲ್ಯಾಟಿನ್ ಭಾಷೆ ಕಲಿಸಿದ್ದಕ್ಕೆ ಅನಂತ ಧನ್ಯವಾದ, ಗುರುಗಳೇ ಅಂತ. ಮೇಡಂ ಆದರೆ ‘ಮಗಿಸ್ತ್ರ’. ಹೆಸರು ಹಿಡಿದು ಕರೆಯುವಾಗ ‘-ಉಸ್’ ಹೋಗಿ ‘-ಎ’ ಬರುತ್ತದೆ: ಮಾರ್ಕುಸ್‌ಗೆ ‘ಮಾರ್ಕೆ’.

‘ಗ್ರಾತಿಯಮ್ ಹಬೇಓ’ ಅಂತಲೂ ನೋಡಿರುತ್ತೀರಿ. ಅದು ಮನಸ್ಸಿನಲ್ಲಿ ಕೃತಜ್ಞತೆ ಇದೆ ಅನ್ನುವುದು. ‘ಅಗೋ’ ಬಾಯಿಬಿಟ್ಟು ಹೇಳುವುದು. ‘ಗ್ರಾತಿಯಮ್ ರೆಫೆರೋ’ ಉಪಕಾರಕ್ಕೆ ಪ್ರತ್ಯುಪಕಾರ ಮಾಡುವುದು. ‘ಅಗೋ’ ಜೊತೆ ಬಹುವಚನ, ಉಳಿದೆರಡಕ್ಕೆ ಏಕವಚನ. ಬೆರೆಸಬೇಡಿ.

ಓದಿ ಹೇಳುವುದಿದ್ದರೆ, ‘ತ’ ನಮ್ಮ ದಂತ್ಯ ತಕಾರವೇ, ಇಂಗ್ಲಿಷಿನ ‘ಟ’ ಅಲ್ಲ. ಚರ್ಚಿನ ಲ್ಯಾಟಿನ್‌ನಲ್ಲಿ ಮಾತ್ರ ಅದು ‘ಗ್ರಾತ್ಸಿಯಾಸ್’ ಆಗುತ್ತದೆ. 1960ರ ದಶಕದವರೆಗೂ ಮಂಗಳೂರಿನ ಇಗರ್ಜಿಗಳಲ್ಲಿ ಪೂಜೆಯ ಕೊನೆಗೆ ಕೇಳುತ್ತಿದ್ದ ‘ದೇಓ ಗ್ರಾತ್ಸಿಯಾಸ್’ (ದೇವರಿಗೆ ಧನ್ಯವಾದ) ಇದೇ.

ಮೇಷ್ಟ್ರು ‘ಲಿಬೆಂತೆರ್’ ಅಂದರೆ, ಸಂತೋಷದಿಂದಲೇ ಮಾಡಿದೆ ಅಂತ ಅರ್ಥ. ಹಾಂ, ಊಟಕ್ಕೆ ಕೂತಾಗ ಯಾರಾದರೂ ಬಡಿಸಲು ಬಂದರೆ ಧನ್ಯವಾದ ಅಂದುಕೊಂಡು ‘ಬೆನಿಗ್ನೇ’ ಅಂದುಬಿಡಬೇಡಿ. ರೋಮನ್ನರಲ್ಲಿ ಅದು ‘ಬೇಡ’ ಅನ್ನುವ ನಯವಾದ ಮಾತು.