ಎರಡೂವರೆ ಲಕ್ಷ ಕೊಟ್ಟು ಜರ್ಮನಿಗೆ ಇಂಟರ್ನ್‌ಶಿಪ್‌ಗೆ ಹೋಗಬಹುದಾ?

ನೀವು ಚನ್ನಗಿರಿ ಕಡೆಯವರು, ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಆರನೇ ಸೆಮಿಸ್ಟರ್. ಎರಡೂವರೆ ಲಕ್ಷ ಕಟ್ಟಿದ್ರೆ ಜರ್ಮನಿಯಲ್ಲಿ ಆರು ವಾರದ ಇಂಟರ್ನ್‌ಶಿಪ್ ಕೊಡಿಸ್ತೀವಿ ಅಂತ ಒಂದು ಕನ್ಸಲ್ಟೆನ್ಸಿ ಹೇಳಿದೆ, ಬೆಂಗಳೂರಲ್ಲೇ ಮಾಡಲಾ, ಜರ್ಮನಿಗೆ ಹೋಗಲಾ ಅಂತ ಕೇಳಿದ್ದೀರಿ. ಕನ್ಸಲ್ಟೆನ್ಸಿಗೆ ಕಟ್ಟೋಕೆ ಅಪ್ಪ ಅಡಿಕೆ ತೋಟದ ಮೇಲೆ ಸಾಲ ಎತ್ತೋಕೂ ತಯಾರಿದ್ದಾರೆ. ನಿಮ್ಮ ಪ್ರಶ್ನೆ ಓದ್ತಾ ಓದ್ತಾ ನನ್ನ ಮೂರನೇ ವರ್ಷವೇ ಕಣ್ಣ ಮುಂದೆ ಬಂತು. ತೋಟ ಒಂದು ಬಿಟ್ಟು. ನಮ್ಮದು ಚಿತ್ರದುರ್ಗದಲ್ಲಿ ಬಾಡಿಗೆ ಮನೆ, ಅಡ ಇಡೋಕೂ ಏನೂ ಇರಲಿಲ್ಲ. ಈಗ ಅನ್ಸುತ್ತೆ, ಅದೇ ಒಳ್ಳೇದಾಯ್ತು ಅಂತ.

ನಾನು ಹೋಗಿದ್ದು 2025ರಲ್ಲಿ, ಕೊನೆಯ ಸೆಮಿಸ್ಟರಿಗೆ. ಜರ್ಮನಿಯ ಉತ್ತರದ ತುದಿ, ವೇಸರ್ ನದಿ ಸಮುದ್ರ ಸೇರೋ ಜಾಗದಲ್ಲಿ ಬ್ರೆಮರ್‌ಹಾವನ್ ಅಂತ ಬಂದರು ಊರು. ಅಲ್ಲಿ ವಿಂಡ್‌ಮಿಲ್ ರೆಕ್ಕೆಗಳನ್ನು ಪರೀಕ್ಷೆ ಮಾಡೋ ಕಡೆ ಕೆಲಸ. ಯಾವ ಏಜೆಂಟೂ ಇರಲಿಲ್ಲ. ನನ್ನನ್ನು ಕರೆಸಿದ್ದು ನಮ್ಮೂರಿನ ವಿಂಡ್‌ಮಿಲ್ ಗುಡ್ಡ, ಜೋಗಿಮಟ್ಟಿ.

ದುರ್ಗದ ಹುಡುಗರಿಗೆ ಅದು ವಿಂಡ್‌ಮಿಲ್ ಅಲ್ಲ, 'ಫ್ಯಾನು'. ಮಾಳಿಗೆ ಹತ್ತಿದರೆ ಗುಡ್ಡದ ಮೇಲೆ ಸಾಲಾಗಿ ಕಾಣೋದು. ಮೂರನೇ ವರ್ಷದ ರಜೆಯಲ್ಲಿ ಪರಿಚಯದವರೊಬ್ಬರ ಕೈಕಾಲು ಹಿಡಿದು ಮೇಂಟೆನೆನ್ಸ್ ತಂಡದ ಹಿಂದೆ ಓಡಾಡಿದೆ. ಸಂಬಳ ಇಲ್ಲ, ಮಧ್ಯಾಹ್ನ ಅವರ ಜೊತೆ ಮಂಡಕ್ಕಿ ಮೆಣಸಿನಕಾಯಿ. ಕೆಳಗಿಳಿಸಿದ ಹಳೇ ರೆಕ್ಕೆಯ ಮುಂದಿನ ಅಂಚು ಧೂಳಿಗೆ, ಮಳೆಗೆ ಸವೆದು ಒಳಗಿನ ಫೈಬರ್ ಕಾಣ್ತಿತ್ತು. ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಂಡೆ. ಅದಕ್ಕೂ ಮೊದಲು ಪ್ರೊಫೆಸರುಗಳಿಗೆ ನಾನು ಕಳಿಸಿದ ಮೇಲ್‌ಗಳೆಲ್ಲ 'ರೆಸ್ಪೆಕ್ಟೆಡ್ ಸರ್, ಐ ಆಮ್ ಹೈಲಿ ಇಂಟರೆಸ್ಟೆಡ್' ಜಾತಿಯವು. ಯಾರೂ ಉತ್ತರ ಕೊಡಲಿಲ್ಲ. ಯಾಕೆ ಕೊಡಬೇಕು? ಆಮೇಲೆ ಬ್ರೆಮರ್‌ಹಾವನ್‌ನವರಿಗೆ ಈ ಫೋಟೋ ಹಾಕಿ, ಹೀಗೆ ಅಂಚು ಸವೆದ ರೆಕ್ಕೆಯನ್ನೂ ನೀವು ಪರೀಕ್ಷೆಗೆ ಹಾಕ್ತೀರಾ, ಇಲ್ಲ ಹೊಸದನ್ನು ಮಾತ್ರವಾ ಅಂತ ಒಂದೇ ಪ್ರಶ್ನೆ ಬರೆದೆ. ಉತ್ತರ ಬಂತು. ಎರಡೂವರೆ ಲಕ್ಷ ತಗೊಂಡವರು ಈ ಫೋಟೋ ತೆಗೆದುಕೊಡಲ್ಲ.

ಕಾಗದಪತ್ರ ಹೆದರಿಸುತ್ತೆ, ಆದರೆ ಆಗುತ್ತೆ. ಅಲ್ಲಿನ ಸಂಸ್ಥೆಯವರು ಮೊದಲು ಕೇಳೋದು ಈ ಇಂಟರ್ನ್‌ಶಿಪ್ ಪಠ್ಯಕ್ರಮದಲ್ಲಿ ಕಡ್ಡಾಯ ಅಂತ ಕಾಲೇಜಿನ ಪತ್ರ. ಕಾರಣ ಜರ್ಮನಿಯ ಕಾನೂನು. ಸ್ವಂತ ಇಷ್ಟದ ಇಂಟರ್ನ್‌ಶಿಪ್ ಮೂರು ತಿಂಗಳು ದಾಟಿದರೆ ಕನಿಷ್ಠ ವೇತನ ಕೊಡಬೇಕು, 2025ರಲ್ಲಿ ಅದು ಗಂಟೆಗೆ 12.82 ಯೂರೋ. ಕಡ್ಡಾಯದ್ದಕ್ಕೆ ಆ ನಿಯಮ ಇಲ್ಲ, ಏನು ಕೊಟ್ಟರೂ ನಡೆಯುತ್ತೆ. ನನಗೆ ಊಟ ಬಾಡಿಗೆಗೆ ಸಾಲುವಷ್ಟು ಸ್ಟೈಪೆಂಡ್ ಕೊಟ್ಟರು. ಅವರ ಉದ್ಯೋಗ ಇಲಾಖೆಯ ಒಪ್ಪಿಗೆ ಪತ್ರ ಅವರೇ ತರಿಸಿದರು. ಬೆಂಗಳೂರಲ್ಲಿ ವೀಸಾ ಅರ್ಜಿ, ಶುಲ್ಕ 75 ಯೂರೋ. ಕೈಗೆ ಬಂದ ವೀಸಾ ಮೂರು ತಿಂಗಳದ್ದು. ಉಳಿದ ಅವಧಿಗೆ ಅಲ್ಲೇ ವಿದೇಶಿಯರ ಕಚೇರಿಯಲ್ಲಿ ಪರ್ಮಿಟ್ ಮಾಡಿಸ್ಕೋಬೇಕು.

ಈ 'ಅಲ್ಲೇ ಮಾಡಿಸ್ಕೋಬೇಕು' ಅನ್ನೋದರಲ್ಲೇ ನಾನು ಸಿಕ್ಕಿಬಿದ್ದಿದ್ದು. ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ ಅಂತ ನನಗೆ ಗ್ಯಾರಂಟಿ.

ಮನೆ ಹುಡುಕಿದ್ದು ಫೇಸ್‌ಬುಕ್ ಗುಂಪಿನಲ್ಲಿ. ಕೆಲಸ ಬ್ರೆಮರ್‌ಹಾವನ್‌ನಲ್ಲಿ, ರೂಮು ಬ್ರೆಮನ್‌ನಲ್ಲಿ. ಅಲ್ಲಿ ನಮ್ಮವರು ಇದ್ದಾರೆ, ಅನ್ನ ಸಾರು ಸಿಗುತ್ತೆ ಅಂತ. ಮಧ್ಯೆ ಹೆಚ್ಚುಕಮ್ಮಿ ದುರ್ಗ ದಾವಣಗೆರೆಯಷ್ಟೇ ದೂರ, ಆಗ 58 ಯೂರೋ ಕೊಟ್ಟರೆ ಲೋಕಲ್ ರೈಲು, ಟ್ರಾಮು, ಬಸ್ಸು ಎಲ್ಲದಕ್ಕೂ ತಿಂಗಳ ಪಾಸು. ಕಾಲೇಜಿಗೆ ಅಷ್ಟು ದೂರ ಓಡಾಡಿದವನಿಗೆ ಇದೇನು ಮಹಾ ಅನ್ನಿಸಿತು. ರೂಮಿನ ಬಾಡಿಗೆ ಬ್ರೆಮನ್‌ನ ಬೇರೆ ರೂಮುಗಳಿಗಿಂತ ನೂರು ಯೂರೋಗೂ ಜಾಸ್ತಿ ಅಗ್ಗ. ಜಾಹೀರಾತಿನ ಕೊನೆಯಲ್ಲಿ 'ಆನ್‌ಮೆಲ್ಡುಂಗ್ ಸಾಧ್ಯವಿಲ್ಲ' ಅಂತ ಬರೆದಿತ್ತು. ಓದಿದೆ. ಓದಿ, ವಿಳಾಸ ನೋಂದಣಿ ತಾನೇ, ಬೆಂಗಳೂರಲ್ಲಿ ಪಿಜಿಗೆ ಹೋದವರು ಯಾರು ಆಧಾರ್ ವಿಳಾಸ ಬದಲಾಯಿಸ್ತಾರೆ ಅಂದುಕೊಂಡೆ. ಅಲ್ಲಿದ್ದ ಹುಡುಗನೂ ನೋಂದಣಿ ಮಾಡಿಸಿದ್ರೆ ರೇಡಿಯೋ ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ ಮನೆ ಬಾಗಿಲಿಗೆ ಬರುತ್ತೆ, ಸುಮ್ನಿರು ಅಂದ. ಹದಿನೆಂಟು ಯೂರೋ ಉಳಿಸಿದ ಜಾಣ ನಾನು.

ಅಲ್ಲಿ ಬಂದು ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದು ಕಾನೂನು. ಅದಕ್ಕೆ ಮನೆ ಕೊಟ್ಟವರ ಸಹಿ ಇರೋ ಒಂದು ಹಾಳೆ ಬೇಕು. ನನಗೆ ರೂಮು ಕೊಟ್ಟವನು ಮಾಲೀಕರಿಗೆ ಗೊತ್ತಿಲ್ಲದೆ ಒಳಬಾಡಿಗೆಗೆ ಬಿಟ್ಟಿದ್ದ. ಅವನು ಸಹಿ ಹಾಕೋದು ಹೇಗೆ? ಅವನನ್ನು ಬೈಯೋದಕ್ಕೂ ಬರಲ್ಲ, ಮೊದಲೇ ಬರೆದಿದ್ದ. ಆ ಹಾಳೆ ಇಲ್ಲ ಅಂದ್ರೆ ನೋಂದಣಿ ಇಲ್ಲ. ನೋಂದಣಿ ಇಲ್ಲ ಅಂದ್ರೆ ಅಂಚೆಯಲ್ಲಿ ಬರಬೇಕಾದ ತೆರಿಗೆ ಸಂಖ್ಯೆ ಬರಲ್ಲ. ತೆರಿಗೆ ಸಂಖ್ಯೆ ಕೊಡದವನನ್ನು ತೆರಿಗೆಯ ಆರನೇ ವರ್ಗಕ್ಕೆ ಹಾಕ್ತಾರೆ, ಅಲ್ಲಿ ಮೊದಲ ಯೂರೋದಿಂದಲೇ ಕಡಿತ. ನನ್ನ ಸ್ಟೈಪೆಂಡಿಗೆ ಮಾಮೂಲಿ ಲೆಕ್ಕದಲ್ಲಿ ತೆರಿಗೆಯೇ ಬೀಳ್ತಿರಲಿಲ್ಲ. ದುಡ್ಡು ಹೋದರೆ ಹೋಗಲಿ ಅಂತ ಅದನ್ನೂ ನುಂಗಿಕೊಂಡೆ. ಆದರೆ ಪರ್ಮಿಟ್ ಕಚೇರಿಯ ಪಟ್ಟಿಯಲ್ಲೂ ಮೊದಲ ದಾಖಲೆ ಅದೇ ನೋಂದಣಿ ಪತ್ರ ಅಂತ ತಿಳಿದಾಗ ಎರಡು ತಿಂಗಳು ಕಳೆದಿತ್ತು. ಹಾಸ್ಟೆಲು ಅಲ್ಲಿನ ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ ಮಾತ್ರ. ಸಹಿ ಹಾಕೋ ಮನೆ ಹುಡುಕಿ, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಒಪ್ಪಿಸಿ, ಅಡ್ವಾನ್ಸ್ ಕಟ್ಟಿ, ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್ ನೋಡಿದರೆ ವೀಸಾ ಮುಗಿದ ಮೇಲಿನ ದಿನಗಳೇ ಖಾಲಿ. ಸಂಸ್ಥೆಯವರು ಕಾಗದ ಇಲ್ಲದೆ ಮುಂದುವರಿಸೋಕಾಗಲ್ಲ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅರ್ಧಕ್ಕೇ ಊರಿಗೆ ವಾಪಸ್ ಬರಬೇಕಾಯ್ತು. ಹಳೇ ರೂಮಿನ ಅಡ್ವಾನ್ಸ್ ವಾಪಸ್ ಬರಲೇ ಇಲ್ಲ, ರಸೀದಿ ಇದ್ದರೆ ತಾನೇ ಕೇಳೋದು. ಕೊನೆಗೆ ತಮಾಷೆ ಏನಂದ್ರೆ, ಕೆಲಸ ಇದ್ದ ಬ್ರೆಮರ್‌ಹಾವನ್‌ನಲ್ಲೇ ಬಾಡಿಗೆ ಕಡಿಮೆ. ನಾನು ಅಲ್ಲಿ ಹುಡುಕಿಯೇ ಇರಲಿಲ್ಲ.

ನನಗೆ ಹೊಟ್ಟೆ ಉರಿಯೋದು ದುಡ್ಡಿಗಲ್ಲ. ಅಲ್ಲಿ ರೆಕ್ಕೆಯ ಬುಡವನ್ನು ದೊಡ್ಡ ಕಾಂಕ್ರೀಟ್ ಗೋಡೆಗೆ ಬೋಲ್ಟ್ ಮಾಡಿ, ಅದರದೇ ಸ್ವಾಭಾವಿಕ ಕಂಪನಕ್ಕೆ ಹೊಂದಿಸಿ ಅಲ್ಲಾಡಿಸ್ತಾರೆ. ಒಂದು ಸಲ ಮೇಲೆ ಹೋಗಿ ಕೆಳಗೆ ಬರೋಕೆ ಸೆಕೆಂಡಿಗೂ ಹೆಚ್ಚು. ಹೀಗೆ ಹಗಲೂ ರಾತ್ರಿ ತಿಂಗಳುಗಟ್ಟಲೆ ಲಕ್ಷಾಂತರ ಸಲ ಬಗ್ಗಿಸಿ ಇಪ್ಪತ್ತು ವರ್ಷದ ಗಾಳಿಯ ಏಟನ್ನು ಅಲ್ಲೇ ತಿನ್ನಿಸೋದು. ನನ್ನ ಪಾಲಿಗೆ ಬಂದದ್ದು ಸ್ಟ್ರೇನ್ ಗೇಜ್, ಅಂದ್ರೆ ರೆಕ್ಕೆ ಎಷ್ಟು ಹಿಗ್ಗುತ್ತೆ ಕುಗ್ಗುತ್ತೆ ಅಂತ ಅಳೆಯೋ ಪುಟ್ಟ ಪಟ್ಟಿ, ಅಂಟಿಸೋದು. ಮೇಲ್ಮೈ ಉಜ್ಜು, ಅಸಿಟೋನಿನಲ್ಲಿ ಒರೆಸು, ಗೆರೆ ಎಳಿ, ಅಂಟು ಹಾಕಿ ಹೆಬ್ಬೆರಳಲ್ಲಿ ಒತ್ತಿ ಹಿಡಿ, ತಂತಿ ಬೆಸುಗೆ ಹಾಕು, ರೆಸಿಸ್ಟೆನ್ಸ್ ನೋಡು. 350 ಓಮ್ ಬರಬೇಕಾದ ಕಡೆ ಏನೋ ಬಂದರೆ ಕಿತ್ತು ಮತ್ತೆ ಮೊದಲಿಂದ. ಕಲಿಸಿದವರು ಡಾಕ್ಟರೇಟ್ ಇಲ್ಲದ ಒಬ್ಬ ಹಿರಿಯ ಟೆಕ್ನಿಷಿಯನ್. ಬೆಳಿಗ್ಗೆ 'ಮೊಯಿನ್' (ಅಲ್ಲಿಯ ನಮಸ್ಕಾರ) ಅಂದರೆ ಮತ್ತೆ ಮಾತಾಡೋದು ನಾನು ತಪ್ಪು ಮಾಡಿದಾಗಲೇ. ನಾಲ್ಕು ವರ್ಷ ಬಿಇ ಓದಿ ಬೆರಳಿಗೆ ಬಾರದ ಶಿಸ್ತು ಅವರಿಂದ ಬಂತು. ಹಾಗೆ ಅಂಟಿಸಿದ ರೆಕ್ಕೆ ಅಲ್ಲಾಡೋಕೆ ಶುರುವಾಗೋ ಹೊತ್ತಿಗೆ ನಾನು ದುರ್ಗದಲ್ಲಿದ್ದೆ. ಅವರು ಕಳಿಸ್ತಿದ್ದ ಡೇಟಾ ನೋಡ್ಕೊಂಡು ಮನೆಯಲ್ಲೇ ರಿಪೋರ್ಟ್ ಮುಗಿಸಿದೆ.

ಈಗ ನಿಮ್ಮ ವಿಷಯ. ವಿದೇಶದ ಇಂಟರ್ನ್‌ಶಿಪ್ ರೆಸ್ಯೂಮೆಗೆ ತೂಕ ಕೊಡುತ್ತಾ ಅಂತ ಕೇಳಿದ್ದೀರಿ. ನಿಮಗೆ ಸಿಕ್ಕಿರೋದು ಇಂಟರ್ನ್‌ಶಿಪ್ಪೇ ಅಲ್ಲ. ಆರು ವಾರ, ಸಂಬಳ ಇಲ್ಲ, ಯಾರ ಕೈಕೆಳಗೆ ಅಂತ ಹೆಸರಿಲ್ಲ, ಏನು ಕೆಲಸ ಅಂತ ಒಂದು ಸಾಲಿಲ್ಲ, ದುಡ್ಡು ಕೊಡೋದು ನೀವು. ಇದಕ್ಕೆ ನಮ್ಮ ಕಡೆ ಟೂರ್ ಅಂತಾರೆ. ಅಡಿಕೆ ತೋಟ ಅಡ ಇಟ್ಟು ಟೂರ್ ಹೋಗ್ತೀರಾ? ಸಂದರ್ಶನದಲ್ಲಿ ಅಲ್ಲಿ ಏನು ಮಾಡಿದಿರಿ ಅಂತ ಒಂದು ಪ್ರಶ್ನೆ ಬಂದರೆ ಸರ್ಟಿಫಿಕೇಟು ಉತ್ತರ ಕೊಡಲ್ಲ. 'ಬೆಂಗಳೂರಾ ಜರ್ಮನಿಯಾ' ಅನ್ನೋದನ್ನ ಬಿಡಿ. ಹರಿಹರದ ಕಡೆ ಯಾವುದಾದರೂ ವರ್ಕ್‌ಶಾಪಿನಲ್ಲಿ ಈ ರಜೆ ಕೂತು, ಕೆಟ್ಟ ಒಂದು ಮೆಷಿನ್ ಯಾಕೆ ಕೆಟ್ಟಿತು ಅಂತ ಪೂರ್ತಿ ತಿಳ್ಕೊಳ್ಳಿ. ಆಮೇಲೆ ಅದನ್ನೇ ಬರೆದು ಮೇಲ್ ಕಳಿಸಿ.

ಸಿಕ್ಕರೆ ಖಂಡಿತ ಹೋಗಿ, ನಾನು ಬೇಡ ಅನ್ನಲ್ಲ. ಟಿಕೆಟ್‌ಗೂ ಮೊದಲು ಮನೆ, ಅಡ್ವಾನ್ಸ್‌ಗೂ ಮೊದಲು ಆ ಸಹಿಯ ಹಾಳೆ ಕೊಡ್ತೀನಿ ಅಂತ ಬರಹದಲ್ಲಿ ಮಾತು. ಕೊಡಲ್ಲ ಅಂದರೆ ಪುಕ್ಕಟೆ ಕೊಟ್ಟರೂ ಆ ರೂಮು ಬೇಡ. ಬಂದ ದಿನವೇ ಅಲ್ಲ, ಊರಲ್ಲಿದ್ದಾಗಲೇ ನೋಂದಣಿ ಅಪಾಯಿಂಟ್‌ಮೆಂಟ್ ಆನ್‌ಲೈನಲ್ಲಿ ನೋಡೋಕೆ ಶುರು ಮಾಡಿ.

ಪಾಸ್‌ಪೋರ್ಟ್ ಇನ್ನೂ ಇಲ್ಲ ಅಂದಿದ್ದೀರಿ. ಅದಕ್ಕೂ ಕನ್ಸಲ್ಟೆನ್ಸಿಯವರು ದುಡ್ಡು ಕೇಳಿದ್ದಾರೆ ಅಂದ್ರೆ ನಗು ಬರುತ್ತೆ. ಆನ್‌ಲೈನಲ್ಲಿ ಅರ್ಜಿ ಹಾಕಿ 1500 ರೂಪಾಯಿ ಕಟ್ಟಿದರೆ 36 ಪುಟದ್ದು ಬರುತ್ತೆ, ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೇ ಕೆಲಸ ಮುಗಿಯುತ್ತೆ. ಪೊಲೀಸ್ ವೆರಿಫಿಕೇಷನ್‌ಗೆ ಬಂದಾಗ ಅರ್ಜಿಯಲ್ಲಿ ಬರೆದ ವಿಳಾಸದಲ್ಲಿ ಇರಿ, ಚನ್ನಗಿರಿದು ಹಾಕಿ ಹಾಸ್ಟೆಲಿನಲ್ಲಿ ಕೂರಬೇಡಿ.