ಬೂದಿ ಇಟ್ಟಿಗೆ ಮಳೆಗೆ ಕರಗುತ್ತದೆಯೇ?

ಪ್ರಶ್ನೆ: ಮನೆಗೆ ಹಾರುಬೂದಿ ಇಟ್ಟಿಗೆ ತರಿಸಬೇಕೆಂದಿದ್ದೇವೆ. ‘ಸುಡದ ಇಟ್ಟಿಗೆ, ಮಳೆಗೆ ಕರಗುತ್ತೆ’ ಎನ್ನುತ್ತಾರೆ ಮೇಸ್ತ್ರಿ. ನಿಜವೇ? ಒಲೆ ಬೂದಿಯಿಂದ ನಾವೇ ಇಟ್ಟಿಗೆ ಮಾಡಿಕೊಳ್ಳಬಹುದೇ?

ಉತ್ತರ: ಚೆನ್ನಾಗಿ ಪಕ್ವವಾದ ಬೂದಿ ಇಟ್ಟಿಗೆ ಕರಗುವುದಿಲ್ಲ. ಆದರೆ ನಿಮ್ಮ ಮೇಸ್ತ್ರಿಯ ಮಾತನ್ನು ತಳ್ಳಿಹಾಕಬೇಡಿ, ಅವರು ಎಲ್ಲೋ ಎಳೆ ಇಟ್ಟಿಗೆ ಕಂಡಿರಬೇಕು. ನನಗೂ ಒಮ್ಮೆ ಹಾಗಾಯಿತು. ‘ತಿಂಗಳಾಗಿದೆ ಸಾರ್’ ಎಂದು ಇಳಿಸಿಹೋದ ಲೋಡಿನಲ್ಲಿ ಇಟ್ಟಿಗೆಯ ಮೂಲೆ ಹೆಬ್ಬೆರಳಿಗೇ ಉದುರುತ್ತಿತ್ತು. ನಾನು ನೋಡುವ ಹೊತ್ತಿಗೆ ಗೋಡೆ ಕಿಟಕಿ ಮಟ್ಟಕ್ಕೆ ಬಂದಾಗಿತ್ತು. ಅಷ್ಟನ್ನೂ ಒಡೆಸಿದೆ. ಆ ಸಂಕಟ ನಿಮಗೆ ಬೇಡ.

ಕಲ್ಲಿದ್ದಲು ಉರಿದಾಗ ಹೊಗೆಯೊಂದಿಗೆ ಹಾರುವ ನುಣುಪು ಬೂದಿಯಲ್ಲಿ ಸಿಲಿಕಾ, ಅಲ್ಯುಮಿನಾ ಗಾಜಿನಂಥ ಸ್ಥಿತಿಯಲ್ಲಿರುತ್ತವೆ. ಸುಣ್ಣವೂ ನೀರೂ ಸಿಕ್ಕರೆ ಅವು ಮೆಲ್ಲಗೆ ಸಿಮೆಂಟಿನ ಹಾಗೆ ಬಿಗಿಯುತ್ತವೆ. ಮಣ್ಣಿನ ಇಟ್ಟಿಗೆಗೆ ಸುಮಾರು 1000 ಡಿಗ್ರಿ ಬೆಂಕಿ ಬೇಕು, ಇದಕ್ಕೆ ಗೂಡೇ ಬೇಡ. ಸೌದೆ, ಕಲ್ಲಿದ್ದಲು, ಹೊಲದ ಮೇಲ್ಮಣ್ಣು ಮೂರೂ ಉಳಿಯುತ್ತವೆ. (ಸುಣ್ಣಕಲ್ಲು ಸುಡುವಾಗ ಇಂಗಾಲದ ಡೈಆಕ್ಸೈಡ್ ಬರುವುದಂತೂ ಹೌದು. ಸುಣ್ಣ, ಸಿಮೆಂಟು ಕಡಿಮೆ ಬಳಸಿದಷ್ಟೂ ಒಳ್ಳೆಯದು.) ಆದರೆ ಎರಡು ಮೂರು ವಾರ ತೇವ ಆರಬಾರದು. ಆರಿದರೆ ಬಿಗಿಯುವುದು ಅಲ್ಲಿಗೇ ನಿಂತಿತು. ಎಳೆಯದನ್ನೇ ಕಟ್ಟಿದರೆ ಗೋಡೆಯಲ್ಲಿ ಕುಗ್ಗಿ ಸಂದುಗುಂಟ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಡುತ್ತದೆ.

ಕೊಳ್ಳುವ ಮುಂಚೆ ಒಂದನ್ನು ಮುರಿಸಿ ನೋಡಿ. ಒಳಗೆಲ್ಲ ಒಂದೇ ಬೂದು ಬಣ್ಣವಿರಲಿ. ಬಿಳಿ ಗಂಟು ಕಂಡರೆ ಸುಣ್ಣ ಸರಿಯಾಗಿ ಬೆರೆತಿಲ್ಲ, ಅದು ಮುಂದೆ ಉಬ್ಬಿ ಪ್ಲಾಸ್ಟರನ್ನು ಒಡೆದೀತು. ಇನ್ನೊಂದನ್ನು ಪೂರ್ತಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. 3 ಕೆ.ಜಿ. ಇದ್ದದ್ದು 3.6 ದಾಟಿದರೆ ಆ ಲೋಡು ಬೇಡವೇ ಬೇಡ. ತೂಗುವಾಗ ಮೇಸ್ತ್ರಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಒಲೆ ಬೂದಿ ಆಗದು. ಸೌದೆ ಬೂದಿಯಲ್ಲಿ ಹೆಚ್ಚಾಗಿರುವುದು ಕ್ಯಾಲ್ಸಿಯಂ ಕಾರ್ಬೊನೇಟು, ಪೊಟ್ಯಾಶ್. ಬಿಗಿಯಲು ಬೇಕಾದ ಸಿಲಿಕಾ ಕಡಿಮೆ, ಮೇಲಾಗಿ ಅದರ ಉಪ್ಪು ಗೋಡೆಯ ಮೇಲೆ ಬೆಳ್ಳಗೆ ಮೂಡುತ್ತದೆ. ಭತ್ತದ ಹೊಟ್ಟಿನ ಬೂದಿಯ ಮಾತು ಬೇರೆ, ಅದರಲ್ಲಿ 90%ರ ಆಸುಪಾಸು ಸಿಲಿಕಾ. ಅದನ್ನೂ ಹದವಾದ ಉರಿಯಲ್ಲೇ ಸುಟ್ಟಿರಬೇಕು, ಉರಿ ಜೋರಾದರೆ ಸಿಲಿಕಾ ಹರಳುಗಟ್ಟಿ ಸುಣ್ಣದೊಂದಿಗೆ ಕೂಡುವುದಿಲ್ಲ. ಕಸ ಸುಟ್ಟ ಬೂದಿಯನ್ನಂತೂ ದಯವಿಟ್ಟು ಮುಟ್ಟಬೇಡಿ, ಸೀಸ, ಕ್ಯಾಡ್ಮಿಯಂ ಇರಬಹುದು. ಒಲೆ ಬೂದಿಯನ್ನು ಸ್ವಲ್ಪ ಸ್ವಲ್ಪವೇ ಗಿಡಗಳ ಬುಡಕ್ಕೆ ಹಾಕಿ.